ಅಕ್ಕಯಮ್ಮನ ಪಥ್ಯ

ಸುಗಟೂರಿನ ಅಕ್ಕಯಮ್ಮ ದಪ್ಪ ಹೆಂಗಸೆಂಬುದು ಊರಿಗೆಲ್ಲ ಗೊತ್ತಿತ್ತು. ಯಾಕೆ ದಪ್ಪವಾದಳೆಂದು ಮಾತ್ರ ಒಬ್ಬರೂ ಕೇಳಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಆಡಿಕೊಳ್ಳುವುದಕ್ಕೆ ಜನಕ್ಕೇನು ಖರ್ಚೇ? ಅವಳು ಬಾವಿಕಟ್ಟೆಯ ಮೇಲೆ ಕೊಡ ಇಳಿಸಿ ಏದುಸಿರು ಬಿಡುತ್ತ ನಿಂತರೆ, "ಚನ್ನರಾಯಪ್ಪನ ಮನೇಲಿ ರಾಗಿ ಕಣಜ ಒಂದಲ್ಲ ಕಣೇ, ಎರಡು. ಒಂದು ನಡೆದಾಡ್ತದೆ" ಎಂದು ಕಿಸಿಕಿಸಿ ನಗುತ್ತಿದ್ದರು. ಅವಳೂ ಅವರ ಜೊತೆ ಸೇರಿ ನಗುತ್ತಿದ್ದಳು. ನಗದೆ ಇನ್ನೇನು ಮಾಡಿಯಾಳು, ಪಾಪ!

ಟೇಕಲ್ಲಿನಿಂದ ಮದುವೆಯಾಗಿ ಬಂದಾಗ ಇದೇ ಅಕ್ಕಯಮ್ಮ ಕಡ್ಡಿಯಂತಿದ್ದಳು. ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅತ್ತೆ ಬಚ್ಚಮ್ಮ ಅದನ್ನು ನೋಡಿ, "ಇವಳ ತಲೆ ಮೇಲೆ ಸೊಪ್ಪಿನ ಮಂಕರಿ ಹೊರಿಸೋದು ಹೆಂಗಪ್ಪಾ" ಎಂದು ಗೊಣಗಿದ್ದಳು. ಅದು ಹಿಪ್ಪುನೇರಳೆ ತೋಟವಿದ್ದ, ರೇಷ್ಮೆ ಹುಳು ಸಾಕುವ ಮನೆ. ಆದರೆ ಕಡ್ಡಿಯಂಥ ಆ ಹುಡುಗಿಯ ಕೈಗುಣ ಹುಳುಗಳಿಗೆ ಒಗ್ಗಿಬಿಟ್ಟಿತು. ಹಿತ್ತಲ ಕಡೆಯ ಹುಳುವಿನ ಮನೆಗೆ ಕಂಡಕಂಡವರು ಕಾಲಿಡುವ ಹಾಗಿಲ್ಲ. ದೃಷ್ಟಿ ತಾಗುತ್ತದೆ, ಮೈಲಿಗೆ ತಗಲುತ್ತದೆ ಎಂದು ನೂರೆಂಟು ಕಟ್ಟುಪಾಡು. ಅತ್ತೆ, ಸೊಸೆ ಇಬ್ಬರೇ ಹೋಗಬೇಕು. ಅತ್ತೆಗೆ ಸೊಂಟ ನೋವು ಸುರುವಾದ ಮೇಲೆ ಅದು ಹೆಚ್ಚುಕಡಿಮೆ ಅಕ್ಕಯಮ್ಮನೊಬ್ಬಳ ರಾಜ್ಯವೇ ಆಯಿತು.

ಮೊದಲು ಹುಟ್ಟಿದ್ದು ಗಂಡು. ತೀರಿಕೊಂಡಿದ್ದ ತಾತನ ಹೆಸರನ್ನೇ ಇಟ್ಟರು: ಎಲ್ಲಪ್ಪ. ಬಚ್ಚಮ್ಮ ಮಾತ್ರ ಮೊಮ್ಮಗನನ್ನು ಒಂದು ದಿನವೂ ಆ ಹೆಸರಿನಿಂದ ಕರೆಯಲಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಹುದೇ? ಗಂಡ ಬದುಕಿದ್ದಾಗಲೂ ಹೇಳಿದವಳಲ್ಲ, ಸತ್ತ ಮೇಲೂ ಹೇಳಿದವಳಲ್ಲ. "ದೊರೆ" ಎನ್ನುತ್ತಿದ್ದಳು. "ದೊರೆ, ಬಾರೋ. ದೊರೆ, ಉಣ್ಣೋ." ದೊರೆಯೂ ಹಾಗೇ ಇದ್ದ. ಕೂತಲ್ಲಿ ಕೂರದವನು, ಉಂಡದ್ದು ಸಾಲದವನು.

ಅವನಿಗೆ ಆರು ತುಂಬಿದ ವರ್ಷ, ಅವರೆಕಾಯಿ ಕಾಲದಲ್ಲಿ, ಬಿಡದ ಜ್ವರ ಬಂತು. ಕೋಲಾರದಿಂದ ಗಂಗುಲಪ್ಪ ಪಂಡಿತರನ್ನು ಗಾಡಿ ಕಟ್ಟಿ ಕರೆತಂದರು. ಆ ಸೀಮೆಯಲ್ಲಿ ಅವರ ಮದ್ದೆಂದರೆ ಮದ್ದು. ನಾಡಿ ಹಿಡಿದು ನೋಡಿ, ಕಷಾಯದ ಪುಡಿ ಕೊಟ್ಟು, "ಲಂಘನ ಹಾಕಿ. ಜ್ವರ ಇಳಿಯೋವರೆಗೂ ಬಿಸಿನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು" ಎಂದರು. ಆಗ ಎಲ್ಲ ಮನೆಗಳಲ್ಲೂ ಅದೇ ಪದ್ಧತಿ. ಜ್ವರದವರಿಗೆ ಅನ್ನ ಕೊಟ್ಟರೆ ಜ್ವರಕ್ಕೇ ಅನ್ನ ಕೊಟ್ಟ ಹಾಗೆ ಎಂದು ನಂಬಿದ್ದ ಜನ. ಬಚ್ಚಮ್ಮ ಬಾಗಿಲಲ್ಲೇ ಕಾವಲು ಕೂತಳು.

ಹುಡುಗ ಮೊದಮೊದಲು ಅತ್ತ, ಆಮೇಲೆ ಬೇಡಿದ. "ಅಮ್ಮಾ, ಒಂದೇ ಒಂದು ತುತ್ತು ಮುದ್ದೆ ಕೊಡಮ್ಮಾ."

"ನಾಳೆ ಕೊಡ್ತೀನಿ ಕಂದಾ."

ಪಕ್ಕದ ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರಿನ ಒಗ್ಗರಣೆ ಬಿದ್ದರೆ ಮೂಗು ಅರಳಿಸುತ್ತಿದ್ದ. "ನಮ್ಮನೇಲೂ ಮಾಡಿದ್ದೀಯಾ?" ಎಂದು ಕೇಳುತ್ತಿದ್ದ. ಅವಳು ಇಲ್ಲ ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಅವನು ತಲೆಯನ್ನು ದಿಂಬಿನಿಂದ ಸ್ವಲ್ಪವೇ ಎತ್ತಿ, ಬಾಯಿ ತೆರೆದು ಅವಳನ್ನೇ ನೋಡಿದ. ದನಿ ಬರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಬಿಸಿನೀರು ತಂದು ನೋಡುವಷ್ಟರಲ್ಲಿ ಹುಡುಗ ಇರಲಿಲ್ಲ.

ಎಡೆ ಇಡುವ ದಿನ ಮುದ್ದೆ, ಅವರೆಬೇಳೆ ಸಾರು, ಪಾಯಸ ಎಲ್ಲ ಮಾಡಿ ಎಲೆ ತುಂಬ ಬಡಿಸಿದರು. ಬದುಕಿದ್ದಾಗ ಒಂದು ತುತ್ತು ಕೊಡದೆ ಸತ್ತ ಮೇಲೆ ಇಷ್ಟೊಂದು! ಅಕ್ಕಯಮ್ಮ ಆ ಎಲೆಯನ್ನೇ ನೋಡುತ್ತ ಕೂತಿದ್ದಳು. ಅವಳಿಗೆ ಹಿಂದೆಂದೂ ಇಲ್ಲದ ಹಸಿವಾಯಿತು. ಎಲ್ಲರೂ ಮಲಗಲು ಹೋದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಅಳುತ್ತ ಅಳುತ್ತ, ಉಳಿದದ್ದನ್ನೆಲ್ಲ ಉಂಡಳು.

ಅಂದಿನಿಂದ ಅವಳಿಗೆ ಅನ್ನ ಬಿಡುವುದಕ್ಕೆ ಬರಲಿಲ್ಲ. ತಟ್ಟೆಯಲ್ಲಿ ಯಾರು ಒಂದು ತುತ್ತು ಉಳಿಸಿದರೂ ಅದು ಅವಳ ಬಾಯಿಗೆ. ಸೀದು ಹೋದದ್ದು, ತಂಗಳು, ಮಡಕೆಯ ತಳಕ್ಕೆ ಹತ್ತಿದ್ದು ಎಲ್ಲವೂ. ನಮ್ಮ ಕಡೆ ಹೆಂಗಸರು ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಮುಂದೆ ಒಬ್ಬರೇ ಉಣ್ಣುವವರು. ಎಷ್ಟುಂಡಳು, ಏನುಂಡಳು ಎಂದು ನೋಡುವವರು ಯಾರು? ಹೊಟ್ಟೆ ಖಾಲಿಯಾಯಿತೆನಿಸಿದರೆ ಸಾಕು, ಒಳಗಿನಿಂದ ಆ ದನಿ ಏಳುತ್ತಿತ್ತು. ಒಂದು ತುತ್ತು ಕೊಡಮ್ಮಾ. ಅವಳು ಅದನ್ನು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಹೇಳಿದರೆ ಗಾಳಿ ಸೋಕಿದೆಯೆಂದು ಬೇವಿನ ಸೊಪ್ಪು ಹಿಡಿದು ಬರುತ್ತಾರೆ, ಅಷ್ಟೇ ತಾನೆ?

ಹೀಗೆ ವರ್ಷಗಳು ಕಳೆದವು. ಬಳೆಗಾರ ಬಂದರೆ ಅವಳ ಅಳತೆಯ ಬಳೆ ಹುಡುಕಿ ಸುಸ್ತಾಗುತ್ತಿದ್ದ. ಮೂವತ್ತೆಂಟನೆಯ ಇಸವಿಯ ಒಂದು ದಿನ ಸೊಪ್ಪಿನ ಮಂಕರಿ ಹೊತ್ತು ಬಂದವಳು ಹುಳುವಿನ ಮನೆಯ ಹೊಸ್ತಿಲಲ್ಲೇ ಕುಸಿದುಬಿಟ್ಟಳು. ತುಟಿ ನೀಲಿಯಾಗಿತ್ತು. ಗಂಡ ಚನ್ನರಾಯಪ್ಪ ಹೆದರಿ ಹೋಗಿ ಮತ್ತೆ ಆ ಗಂಗುಲಪ್ಪ ಪಂಡಿತರನ್ನೇ ಕರೆತಂದ. ಅವನಿಗೆ ಗೊತ್ತಿದ್ದ ಪಂಡಿತರು ಅವರೊಬ್ಬರೇ.

ಪಂಡಿತರು ನಾಡಿ ನೋಡಿದರು. ಹೊರಗೆ ಜಗಲಿಯ ಮೇಲೆ ಕೂತು ದನಿ ತಗ್ಗಿಸಿ ಚನ್ನರಾಯಪ್ಪನಿಗೆ ಹೇಳಿದರು: "ಎದೆ ಮೇಲೆ ಭಾರ ಬಿದ್ದಿದೆ ಕಣಪ್ಪ. ಮೈ ಇಳಿದರೆ ಉಳೀತಾಳೆ. ಇಳೀದಿದ್ರೆ ಬರೋ ಸಂಕ್ರಾಂತಿ ನೋಡೋದು ಕಷ್ಟ."

ತಗ್ಗಿಸಿದ ದನಿ ಅಂಗಳದಲ್ಲಿ ಆಡುತ್ತಿದ್ದ ಮಗಳು ಆದಿಲಕ್ಷ್ಮಿಯ ಕಿವಿಗೆ ಬಿತ್ತು. ಅವಳು ಅಣ್ಣ ಸತ್ತಾಗ ಇನ್ನೂ ಅಂಬೆಗಾಲಿಡುತ್ತಿದ್ದ ಕೂಸು. ಒಳಗೆ ಬಂದು ತಾಯಿಯ ಪಕ್ಕ ಕೂತು ಕೇಳಿದಳು: "ಅಮ್ಮಾ, ನೀನೂ ಅಣ್ಣನ ಹಂಗೆ ಹೋಗ್ಬಿಡ್ತೀಯಾ?"

"ಬಾಯಿ ಮುಚ್ಚೇ. ಎಲ್ಲಿಗೂ ಹೋಗಲ್ಲ ನಾನು" ಎಂದಳು ಅಕ್ಕಯಮ್ಮ. ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, ಇವಳಿಗೆ ನಾನು ಬೇಕು, ನಾನು ಸಾಯಕೂಡದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಪಂಡಿತರು ಕೊಟ್ಟದ್ದು ಗುಗ್ಗುಳದ ಗುಳಿಗೆ. ಕರ್ರಗೆ, ಕಹಿ. ಬೆಳಿಗ್ಗೆ ಒಂದು, ಸಂಜೆ ಒಂದು, ಬಿಸಿನೀರಿಗೆ ಜೇನುತುಪ್ಪ ಬೆರೆಸಿ ಕುಡಿಯಬೇಕು. ಕೊಬ್ಬು ಕರಗಿಸುವುದರಲ್ಲಿ ಅದಕ್ಕೆ ಸಮನಿಲ್ಲ ಎಂದರು. ಆಮೇಲೆ ಪಥ್ಯ ಹೇಳಿದರು. ಮಧ್ಯಾಹ್ನ ಚಿಕ್ಕದೊಂದು ಮುದ್ದೆ, ಬೇಯಿಸಿದ ಸೊಪ್ಪು. ಬೆಲ್ಲ, ಎಣ್ಣೆ, ಕಡಲೆಕಾಯಿ ಮುಟ್ಟುವ ಹಾಗಿಲ್ಲ. "ಸಂಜೆಗೆ ಲಂಘನ" ಎಂದರು ಕೊನೆಗೆ.

ಆ ಮಾತು ಅಕ್ಕಯಮ್ಮನ ಕಿವಿಗೆ ಎರಡನೆಯ ಸಲ ಬಿತ್ತು. ಆದರೂ ತಲೆಯಾಡಿಸಿದಳು.

ಗುಳಿಗೆ ತೆಗೆದುಕೊಳ್ಳುವುದರಲ್ಲಿ ಅವಳು ಒಂದು ಹೊತ್ತೂ ತಪ್ಪಲಿಲ್ಲ. ಮೊದಲ ತಿಂಗಳು ಮೈ ಇಳಿದದ್ದೂ ಹೌದು. ಕುಪ್ಪಸ ಸಡಿಲವಾಯಿತು. ಚನ್ನರಾಯಪ್ಪ, "ಅಬ್ಬಾ, ಪಂಡಿತರ ಕೈಲಿ ಏನೋ ಐತೆ" ಎಂದು ಊರೆಲ್ಲ ಹೇಳಿಕೊಂಡು ಬಂದ. ಅವನಿಗೇನು ಗೊತ್ತು? ಸಂಜೆಯಾದರೆ ಅವಳು ಪಡುವ ಸಂಕಟ ಅವಳಿಗೆ ಗೊತ್ತು. ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಕೂಗುತ್ತಿತ್ತು. ಹೊಟ್ಟೆ ಕೂಗಿದರೆ ಹುಡುಗ ಕೂಗುತ್ತಿದ್ದ. ನಾಳೆ ಕೊಡ್ತೀನಿ ಕಂದಾ ಎನ್ನಬೇಕು. ಎಷ್ಟು ಸಲ ಅಂತ ಅದನ್ನೇ ಹೇಳಿಯಾಳು ಆ ತಾಯಿ?

ಎರಡನೆಯ ತಿಂಗಳು ಅವಳಿಂದ ಆಗಲಿಲ್ಲ. ಹುಳುವಿನ ಮನೆಗೆ ಹೋಗುವಾಗ ಮಡಿಲಲ್ಲಿ ಹುರಿಗಡಲೆ, ಒಂದು ಅಚ್ಚು ಬೆಲ್ಲ ಕಟ್ಟಿಕೊಂಡು ಹೋದಳು. ಒಗ್ಗರಣೆಯ ವಾಸನೆ ಹುಳುವಿಗೆ ಆಗದು. ಹುರಿಗಡಲೆ, ಬೆಲ್ಲಕ್ಕೆ ಅಂಥ ವಾಸನೆಯಿಲ್ಲ. ಅಲ್ಲಿಗೆ ಬೇರೆ ಯಾರೂ ಬರುವವರಲ್ಲ. ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು, ಅವು ಮಳೆ ಹನಿದ ಹಾಗೆ ಸರಸರ ಮೇಯುತ್ತಿದ್ದವು, ಅವಳು ಹುಳು ಸಾಕುವ ಬಿದಿರು ತಟ್ಟೆಗಳ ನಡುವೆ ಕೂತು ತಿನ್ನುತ್ತಿದ್ದಳು. ಗುಳಿಗೆ ತಪ್ಪಲಿಲ್ಲ, ತಿನ್ನುವುದೂ ತಪ್ಪಲಿಲ್ಲ. ಇಳಿದ ಮೈ ಮತ್ತೆ ಏರಿತು, ಮೊದಲಿಗಿಂತ ಹೆಚ್ಚಾಗಿಯೇ.

"ಏಮಮ್ಮಾ, ಪಥ್ಯ ಮಾಡ್ತಿದ್ದೀಯಾ ಇಲ್ವಾ?" ಪಂಡಿತರು ಗದರಿದರು.

"ಮಾಡ್ತಿದ್ದೀನಿ ಸ್ವಾಮಿ."

ಪಂಡಿತರು ಗುಳಿಗೆಯನ್ನು ಎರಡು ಪಟ್ಟು ಮಾಡಿದರು. ಹೊಟ್ಟೆಯಲ್ಲಿ ಉರಿ ಎದ್ದಿತು. ಉರಿಗೆಂದು ಅವಳು ಇನ್ನಷ್ಟು ತಿಂದಳು. ಏದುಸಿರು ಜಾಸ್ತಿಯಾಯಿತು. ಚನ್ನರಾಯಪ್ಪ ರಾತ್ರಿ ಎದ್ದೆದ್ದು ಅವಳ ಮೂಗಿನ ಹತ್ತಿರ ಕೈ ಇಟ್ಟು ನೋಡುವಂತಾಯಿತು.

ಒಂದು ಮಧ್ಯಾಹ್ನ ಬಚ್ಚಮ್ಮ ಸೊಂಟ ಹಿಡಿದುಕೊಂಡೇ ಹುಳುವಿನ ಮನೆಗೆ ಬಂದಳು. ಮೂಲೆಯಲ್ಲಿ ಇರುವೆ ಸಾಲು ಕಂಡಿತು. ರೇಷ್ಮೆ ಹುಳುವಿಗೆ ಇರುವೆಯೆಂದರೆ ಯಮ. ಅದಕ್ಕೇ ತಟ್ಟೆಯ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿರುತ್ತಾರೆ. ಮುದುಕಿ ಬಗ್ಗಿ ನೋಡಿದರೆ ಬೆಲ್ಲದ ಪುಡಿ!

"ಲೇ ಅಕ್ಕಯ್ಯಾ, ಏನೇ ಇದು? ಮನೆ ಹಾಳು ಮಾಡ್ಬೇಕು ಅಂತ ಮಾಡಿದ್ದೀಯೇನೇ? ಸಾಯೋಕೆ ಹೊರಟಿರೋಳು ಬೆಲ್ಲ ತಿಂತಾಳಂತೆ, ಬೆಲ್ಲ! ಆ ಹುಡುಗೀನ ಯಾರ ಕೈಗೆ ಹಾಕಿ ಹೋಗ್ತೀಯೇ?"

ಅಕ್ಕಯಮ್ಮ ತಲೆ ಬಗ್ಗಿಸಿ ನಿಂತಳು. ಮುದುಕಿ ಬೈದು ಬೈದು ಸಾಕಾಗಿ, ತಾನೇ ನೆಲ ಸಾರಿಸಿ ಇರುವೆ ಅಳಿಸಿದಳು. ಮಗನಿಗೆ ಮಾತ್ರ ಹೇಳಲಿಲ್ಲ. ಅಂದಿನಿಂದ ಹುರಿಗಡಲೆಯ ಡಬ್ಬಿ, ಬೆಲ್ಲದ ಮಡಕೆ ಎರಡೂ ಅತ್ತೆಯ ಕೋಣೆಗೆ ಹೋಗಿ ಬೀಗ ಬಿತ್ತು. ಈಗ ಅಕ್ಕಯಮ್ಮನಿಗೆ ನಿಜವಾದ ಲಂಘನ ಸುರುವಾಯಿತು.

ಅದೇ ವಾರ ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತವು. ಹುಳು ದೊಡ್ಡದಾಗುವಾಗ ನಾಲ್ಕು ಸಲ ಹಳೆಯ ತೊಗಲು ಕಳಚುತ್ತದೆ. ಆಗ ಮೇಯುವುದು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತದೆ. ಅದಕ್ಕೇ ಜ್ವರ ಅನ್ನುತ್ತಾರೆ. ಜ್ವರದಲ್ಲಿ ಸೊಪ್ಪು ಹಾಕಬಾರದು. ಎಲ್ಲ ಹುಳು ಎದ್ದ ಮೇಲೆ ಒಟ್ಟಿಗೆ ಹಾಕಬೇಕು. ಇದು ರೇಷ್ಮೆ ಸಾಕುವ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅಕ್ಕಯಮ್ಮನಿಗೆ ಗೊತ್ತಿಲ್ಲದ್ದೇ? ಎಷ್ಟೋ ಬೆಳೆ ತೆಗೆದ ಕೈ ಅದು.

ಆ ದಿನ ಗಂಡ ಹೊಲದಲ್ಲಿದ್ದ, ಅತ್ತೆ ಸೊಂಟ ನೋವೆಂದು ಒಳಗೆ ಮಲಗಿದ್ದಳು. ಅವಳು ಬರಿಹೊಟ್ಟೆಯಲ್ಲಿ ತಟ್ಟೆಗಳ ಮುಂದೆ ನಿಂತಿದ್ದಳು. ಸರಸರ ಸದ್ದು ಅಡಗಿಹೋಗಿತ್ತು. ಸಾವಿರಾರು ಹುಳುಗಳು ತಲೆಯನ್ನು ಸ್ವಲ್ಪವೇ ಮೇಲೆತ್ತಿ ಸುಮ್ಮನೆ ಕೂತಿದ್ದವು. ಹಾಗೆ ದಿಂಬಿನಿಂದ ತಲೆ ಎತ್ತಿದ್ದನ್ನು ಅವಳು ಹಿಂದೆ ಒಮ್ಮೆ ನೋಡಿದ್ದಳು. ಕೈ ತಡೆಯಲಿಲ್ಲ. ಮೂಲೆಯಲ್ಲಿ ಹಸಿ ಗೋಣಿ ಮುಚ್ಚಿಟ್ಟಿದ್ದ ಸೊಪ್ಪನ್ನೆಲ್ಲ ತಂದು, "ತಿನ್ರೋ, ತಿನ್ರೋ ನನ್ನಪ್ಪಾ" ಎನ್ನುತ್ತ ಒಂದು ತಟ್ಟೆಯೂ ಬಿಡದೆ ಸುರಿದಳು. ಅವು ತಿನ್ನಲಿಲ್ಲ. ಇನ್ನಷ್ಟು ಸುರಿದಳು.

ಒದ್ದೆ ಸೊಪ್ಪಿನಡಿ ಹುಳುಗಳು ಬೆಂದುಹೋದವು. ಹೊತ್ತು ಮುಳುಗುವ ಮುಂಚೆ ಚನ್ನರಾಯಪ್ಪ ಕಟ್ಟುಪಾಡು ಮರೆತು ಒಳಗೆ ನುಗ್ಗಿ ನೋಡಿದಾಗ ಅರ್ಧ ಬೆಳೆ ಮೆತ್ತಗಾಗಿ ವಾಸನೆ ಹಿಡಿಯುತ್ತಿತ್ತು. ಅವನು ಕೈಯೆತ್ತಿದ. ಹೊಡೆಯಲಿಲ್ಲ, ಎತ್ತಿದ ಕೈಯಿಂದ ತನ್ನ ಹಣೆಯನ್ನೇ ಚಚ್ಚಿಕೊಂಡ. "ತಲೆ ಕೆಟ್ಟೈತೇನೇ ನಿನಗೆ? ಜ್ವರದಾಗೆ ಯಾರಾದ್ರೂ ಸೊಪ್ಪು ಹಾಕ್ತಾರಾ?"

"ಕೇಳ್ತಿದ್ವು" ಎಂದಳು ಅಕ್ಕಯಮ್ಮ ನೆಲದ ಮೇಲೆ ಕೂತವಳು. "ತಲೆ ಎತ್ಕೊಂಡು ಕೇಳ್ತಿದ್ವು. ಜ್ವರ ಬಂದೈತೆ ಅಂತ ಇವನ್ನೂ ಉಪವಾಸ ಕೆಡವ್ಲಾ?"

ಮಗನ ಕೂಗು ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಬಚ್ಚಮ್ಮ ಚೌಕಟ್ಟು ಹಿಡಿದುಕೊಂಡಳು.

"ಹೊಟ್ಟೆ ಖಾಲಿ ಆದ್ರೆ ಸಾಕು, ಒಳಗಿಂದ ಅವನು ಕೇಳ್ತಾನೆ ಅತ್ತೆ. ಒಂದು ತುತ್ತು ಕೊಡಮ್ಮಾ ಅಂತಾನೆ. ಕೊಡಲ್ಲ ಅನ್ನೋಕೆ ನನ್ನ ಕೈಲಿ ಆಗಲ್ಲ. ನಾನು ತಿನ್ನೋದು ನನಗಲ್ಲ. ಗುಳಿಗೆ ನುಂಗ್ತೀನಿ, ಕಷಾಯ ಕುಡೀತೀನಿ, ಏನು ಬೇಕಾದ್ರೂ ಮಾಡ್ತೀನಿ. ಉಪವಾಸ ಒಂದು ಇರು ಅನ್ಬೇಡಿ." ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದು ಆಗ ಹೊರಬಿತ್ತು. ಅವಳು ಗೋಳೋ ಎಂದು ಅತ್ತಳು. ಚನ್ನರಾಯಪ್ಪ ಏನು ಮಾಡಬೇಕೆಂದು ತಿಳಿಯದೆ ಕೆಟ್ಟ ಹುಳುಗಳ ತಟ್ಟೆಯೊಂದನ್ನು ಎತ್ತಿಕೊಂಡು ಅಂಗಳಕ್ಕೆ ಹೋದ.

ಬಚ್ಚಮ್ಮ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ತಾನೇ ಗಾಡಿ ಕಟ್ಟಿಸಿ, ಸೊಸೆಯನ್ನು ಕೂರಿಸಿಕೊಂಡು ಕೋಲಾರಕ್ಕೆ ಹೋದಳು. ಪಂಡಿತರ ಎದುರು ಅವಳು ಎಂದೂ ದನಿಯೆತ್ತಿದವಳಲ್ಲ. ಅಂದು ಎತ್ತಿದಳು.

"ಪಂಡಿತ್ರೇ, ನಿಮ್ಮ ಮದ್ದು ಕೆಟ್ಟದ್ದು ಅನ್ನಲ್ಲ ನಾನು. ಇವಳು ಕಳ್ಳೀನೂ ಅಲ್ಲ. ನೀವು ಹೇಳೋ ಲಂಘನ ಐತಲ್ಲ, ಅದು ನಮ್ಮ ಮನೆಗೆ ಹಿಂದೆ ಒಂದು ಸಲ ಬಂದಿತ್ತು. ನಾನೇ ಬಾಗಿಲಲ್ಲಿ ಕೂತು ಕಾವಲು ಕಾದೆ. ಇನ್ನೊಂದು ಸಲ ಕಾಯಲ್ಲ."

ಪಂಡಿತರಿಗೆ ಮೊದಲು ಅರ್ಥವಾಗಲಿಲ್ಲ. ಎಷ್ಟು ಮನೆಯ ಎಷ್ಟು ಮಕ್ಕಳ ನಾಡಿ ಹಿಡಿದವರೋ! ಮೆಲ್ಲಗೆ ನೆನಪಾಯಿತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತರು.

ಅಕ್ಕಯಮ್ಮ ಕೇಳಿದಳು: "ಉಂಡಿದ್ರೆ ಉಳೀತಿದ್ನಾ ಸ್ವಾಮಿ?"

"ಗೊತ್ತಿಲ್ಲಮ್ಮಾ" ಎಂದರು ಅವರು. "ಉಳೀತಿರ್ಲಿಲ್ಲ ಅಂದ್ರೆ ನಿನಗೆ ಸಮಾಧಾನ ಆಗ್ಬೋದು. ಆದ್ರೆ ನನಗೆ ನಿಜವಾಗ್ಲೂ ಗೊತ್ತಿಲ್ಲ. ನನಗೆ ಕಲಿಸಿದ್ದನ್ನ ನಾನು ಹೇಳ್ದೆ. ಕೊಡಬೇಡಿ ಅಂದೋನು ನಾನು ತಾಯಿ, ನೀನಲ್ಲ. ಅವನು ಕೇಳಿದ್ರೆ ಹಾಗೇ ಹೇಳು."

ಒರೆಸಿದ ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಆಮೇಲೆ ಅವರು ಗುಳಿಗೆಯನ್ನು ಮೊದಲಿನ ಅಳತೆಗೆ ಇಳಿಸಿದರು. ಲಂಘನ ಬೇಡ ಎಂದರು. ಮೂರು ಹೊತ್ತೂ ಉಣ್ಣಬೇಕು, ಸ್ವಲ್ಪಸ್ವಲ್ಪ. ಹಸಿವು ಹೊತ್ತುಕೊಂಡು ಕೂರಬಾರದು. ನಡುವೆ ತಡೆಯದಿದ್ದರೆ ನೀರು ಮಜ್ಜಿಗೆ. "ಇನ್ನೊಂದು ಪಥ್ಯ ಇದೆ. ಒಬ್ಬಳೇ ಕೂತು ಉಣ್ಣಬಾರದು. ಅತ್ತೆ, ಗಂಡ, ಮಗಳು ಇದ್ದಾಗ ಅವರ ಜೊತೇಲೇ ಕೂತು ಉಣ್ಣು. ಆ ದನಿ ಕೇಳಿಸಿದ್ರೆ ಬಾಯಿಬಿಟ್ಟು ಹೇಳು, ಕೇಳಿಸ್ತಿದೆ ಅಂತ."

ಸೊಸೆ ಪಡಸಾಲೆಯಲ್ಲಿ ಗಂಡನ ಜೊತೆ, ಅತ್ತೆಯ ಜೊತೆ ಸಮಸಮ ಕೂತು ಉಣ್ಣುವುದೆಂದರೆ! ಬಾವಿಕಟ್ಟೆಗೆ ಹೊಸ ಸುದ್ದಿ ಸಿಕ್ಕಿತು. ಬಚ್ಚಮ್ಮನ ಕಿವಿಗೂ ಬಿತ್ತು. "ಅವರು ಬಂದು ಬಡಿಸ್ತಾರೇನು? ಮುಚ್ಕೊಂಡು ನೀರು ಸೇದಿ ಅನ್ನು" ಎಂದು ನೀರಿಗೆ ಹೊರಟ ಸೊಸೆಗೆ ಪಡಸಾಲೆಯಿಂದಲೇ ಕೂಗಿ ಹೇಳಿದಳು. ಕೋಣೆಯ ಬೀಗ ತೆಗೆದು ಬೆಲ್ಲದ ಮಡಕೆ, ಹುರಿಗಡಲೆಯ ಡಬ್ಬಿ ಎರಡನ್ನೂ ಅಡುಗೆಮನೆಯ ಅವುಗಳ ಜಾಗಕ್ಕೇ ತಂದಿಟ್ಟಳು.

ಮೈ ಇಳಿಯಿತೇ? ಇಳಿಯಿತು, ನಿಧಾನವಾಗಿ. ಒಂದು ವಾರ ಇಳಿದರೆ ಇನ್ನೊಂದು ವಾರ ನಿಂತುಬಿಡುತ್ತಿತ್ತು. ಹುಡುಗ ಹೋದ ತಿಥಿಯಂದು ಅವಳು ಹುರಿಗಡಲೆಯ ಡಬ್ಬಿಯನ್ನೇ ಮುಂದಿಟ್ಟುಕೊಂಡು ಕೂತಳು. ಬಚ್ಚಮ್ಮ ಬಂದು ಬೈಯದೆ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಇವತ್ತು ಜಾಸ್ತಿ ಕೇಳಿಸ್ತೈತಾ?" ಎಂದಳು. "ಹೂಂ ಅತ್ತೆ." ಅಷ್ಟೇ ಮಾತು. ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿಯಿತು. ಪಂಡಿತರು ಹೇಳಿದ್ದ ಸಂಕ್ರಾಂತಿ ಬಂದು ಹೋಯಿತು, ಅಕ್ಕಯಮ್ಮ ಎಳ್ಳು ಬೀರಿ ಬರಲು ಮಗಳ ಜೊತೆ ತಾನೂ ನಾಲ್ಕು ಮನೆ ನಡೆದಳು. ಕಡ್ಡಿಯಂತೇನೂ ಆಗಲಿಲ್ಲ, ಕೊನೆಯವರೆಗೂ ತುಂಬುಮೈಯವಳೇ. ಆದರೆ ಯುದ್ಧದ ಕಾಲದಲ್ಲಿ ರೇಷ್ಮೆಗೆ ಗಿರಾಕಿ ಏರಿ ಮನೆಮನೆಯಲ್ಲೂ ಹುಳು ಮೇಯುವಾಗ ಅವಳೂ ಮಂಕರಿ ಹೊತ್ತಳು. ಆದಿಲಕ್ಷ್ಮಿಯನ್ನು ಮಾಸ್ತಿಗೆ ಮದುವೆ ಮಾಡಿಕೊಟ್ಟು, ಬಾಣಂತನವನ್ನೂ ಮಾಡಿದಳು.

ಅದೆಲ್ಲ ಆಮೇಲಿನದು. ಹೇಳಬೇಕಾದ್ದು ಆ ಸಂಕ್ರಾಂತಿ ಕಳೆದ ಹೊಸತರಲ್ಲಿ, ಇನ್ನೂ ಅವರೆಕಾಯಿ ಇದ್ದಾಗಿನ ಒಂದು ದಿನದ್ದು.

ಹೊಸ ಹುಳು ನಾಲ್ಕನೆಯ ಜ್ವರಕ್ಕೆ ಕೂತಿತ್ತು. ಚನ್ನರಾಯಪ್ಪನಿಗೆ ಒಳಗೊಳಗೇ ಪುಕುಪುಕು. ಅವನು ಹೊಲಕ್ಕೆ ಹೋಗದೆ ಅಂಗಳದಲ್ಲೇ ಇಲ್ಲದ ಕೆಲಸ ಹುಡುಕುತ್ತಿದ್ದ. ಅಕ್ಕಯಮ್ಮ ತಟ್ಟೆಗಳ ಮುಂದೆ ಕೂತಿದ್ದಳು, ಕೈಗೆ ಸಿಗುವಷ್ಟು ದೂರದಲ್ಲಿ ಸೊಪ್ಪು ತುಂಬಿದ ಮಂಕರಿ. ಹುಳುಗಳು ತಲೆ ಎತ್ತಿದ್ದವು. ಅವಳು ಎರಡು ಕೈಯನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು, "ಇರ್ರಪ್ಪಾ, ಎದ್ದ ಮೇಲೆ ಕೊಡ್ತೀನಿ. ನಿಮಗೆ ಸುಳ್ಳು ಹೇಳಲ್ಲ" ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದುದು ಅಂಗಳಕ್ಕೂ ಕೇಳಿಸಿತು.

ಮರುದಿನ ಹುಳುಗಳು ತೊಗಲು ಕಳಚಿ ಎದ್ದವು, ಒಂದೂ ಬಿಡದೆ. ಸೊಪ್ಪು ಬಿದ್ದದ್ದೇ ತಡ, ಮಳೆ ಹನಿದ ಸದ್ದು ಸುರುವಾಯಿತು. ಅವಳು ಅದನ್ನು ಸ್ವಲ್ಪ ಹೊತ್ತು ಕೇಳಿ, ಕಣ್ಣೊರೆಸಿಕೊಂಡು ಹೊರಗೆ ಬಂದಳು.

ಅಂದು ಹಿತಕಿದ ಅವರೆಬೇಳೆ ಸಾರು. ಹುಡುಗ ಹೋದ ಮೇಲೆ ಎಡೆಗಲ್ಲದೆ ಆ ಮನೆಯಲ್ಲಿ ಅದನ್ನು ಮಾಡಿದವರಿಲ್ಲ. ಅಂದು ಅವಳೇ ಮಾಡಿದ್ದಳು. ನಾಲ್ಕು ಜನವೂ ಪಡಸಾಲೆಯಲ್ಲಿ ಕೂತರು. ಅಕ್ಕಯಮ್ಮ ನಿಧಾನವಾಗಿ ಉಂಡಳು. ಕೊನೆಗೆ ಒಂದು ತುತ್ತು ಮುದ್ದೆ ಉಳಿಯಿತು. ಅದನ್ನು ಸಾರಿನಲ್ಲಿ ಅದ್ದಿ ಬೆರಳಲ್ಲಿ ಹಿಡಿದವಳು ಹಾಗೇ ಕೂತಳು. ಆಮೇಲೆ ಅದನ್ನು ಎಲೆಯ ತುದಿಗೆ ಮೆಲ್ಲಗೆ ಇಟ್ಟು, ಕೈ ತೊಳೆಯಲು ಎದ್ದಳು. ಅಷ್ಟು ವರ್ಷಗಳಲ್ಲಿ ಅವಳು ಎಲೆಯಲ್ಲಿ ಬಿಟ್ಟ ಮೊದಲ ತುತ್ತು ಅದು.

ಆದಿಲಕ್ಷ್ಮಿ ಎಲೆಗಳನ್ನು ಎತ್ತಲು ಬಂದು, "ಅಮ್ಮಾ, ಇದು ಮಿಕ್ಕೈತೆ, ಹಸೂಗೆ ಹಾಕ್ಲಾ?" ಎಂದಳು.

"ಇರ್ಲಿ ಬಿಡೇ, ಮುಟ್ಬೇಡ" ಎಂದಳು ಬಚ್ಚಮ್ಮ. ಬದುಕಿನಲ್ಲಿ ಒಂದು ಸಲವೂ ನಾಲಿಗೆಯ ಮೇಲೆ ತಂದಿರದ ಹೆಸರನ್ನು ತಂದಳು.

"ಅದು ನಮ್ಮ ಎಲ್ಲಪ್ಪಂದು."